ಬೀಗರ ಮುಂದೆ ಬೀಡಿ ತಾಟು

ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ಹೊಳೆಯಪ್ಪನ ಮನೆಗೆ ಬಂದವರು ಬೀಡಿ ಸೇದದೆ ಎದ್ದು ಹೋದರೆ ಅವನಿಗೆ ಅವಮಾನವಾದಂತೆ. ಚಹಾ ತಡವಾದರೂ ನಡೆಯುತ್ತಿತ್ತು, ಬೀಡಿ ತಡವಾಗುವಂತಿರಲಿಲ್ಲ. ಅವನ ಅಪ್ಪನ ಕಾಲದಿಂದಲೂ ಅದೇ ರೂಢಿ. ನಿಶ್ಚಯವಿರಲಿ, ಮದುವೆಯಿರಲಿ, ಹೆಂಗಸರಿಗೆ ಅರಿಶಿನ ಕುಂಕುಮ, ಗಂಡಸರಿಗೆ ಹಿತ್ತಾಳೆ ತಾಟು. ತಾಟಿನಲ್ಲಿ ಎಲೆ ಅಡಿಕೆ, ಎರಡು ಕಟ್ಟು ಬೀಡಿ, ಒಂದು ಕಡ್ಡಿಪೆಟ್ಟಿಗೆ.

ಆ ತಾಟು ಕಂಡರೆ ಹೊಳೆಯಪ್ಪನಿಗೆ ಹಳೆಯ ಸುಗ್ಗಿಯ ದಿನಗಳು ನೆನಪಾಗುತ್ತಿದ್ದವು. ಆಗಿನ್ನೂ ರಾಶಿ ಮಾಡುವ ಯಂತ್ರ ಊರಿಗೆ ಬಂದಿರಲಿಲ್ಲ. ಕಣದಲ್ಲಿ ಜೋಳದ ತೆನೆ ಹರವಿ, ಎತ್ತು ಕಟ್ಟಿ ತುಳಿಸುತ್ತಿದ್ದರು. ಎತ್ತಿನ ಹಿಂದೆ ನಡೆಯುತ್ತ ಹಂತಿ ಪದ ಹಾಡುವವನು ಗೆಳೆಯ ಮೈಲಾರಪ್ಪ. ಇಬ್ಬರದೂ ಒಂದೇ ವಯಸ್ಸು, ಒಂದೇ ಓಣಿ, ಶಾಲೆ ಬಿಟ್ಟದ್ದೂ ಒಂದೇ ದಿನ. ಮೈಲಾರಪ್ಪ ಒಂದು ಸಾಲು ಎತ್ತಿದನೆಂದರೆ ಎತ್ತುಗಳು ಅರ್ಧ ಕಣ ಸುತ್ತಿದರೂ ಅವನ ಉಸಿರು ಕಡಿಯುತ್ತಿರಲಿಲ್ಲ. ಹೊಳೆಯಪ್ಪ ಹಿಂದಿನಿಂದ ದನಿ ಕೂಡಿಸುತ್ತಿದ್ದ. ಪದ ಮುಗಿದ ಮೇಲೆ ಇಬ್ಬರೂ ಬೇವಿನ ಬುಡಕ್ಕೆ ಹೋಗಿ ಒಂದೇ ಕಡ್ಡಿಯಲ್ಲಿ ಎರಡು ಬೀಡಿ ಹಚ್ಚುವರು. ಹೊಗೆ ಗಂಟಲು ಕಾಯಿಸಿ ದನಿ ತೆರೆಯುತ್ತದೆ ಎಂದು ಯಾವ ಪುಣ್ಯಾತ್ಮ ಹೇಳಿದ್ದನೋ, ಇಬ್ಬರೂ ನಂಬಿಬಿಟ್ಟಿದ್ದರು.

ಆ ದಿನಗಳು ಚೆಂದವಿದ್ದವು, ಇಲ್ಲವೆನ್ನುವವರಾರು? ಆದರೆ ಈಗ ಮೈಲಾರಪ್ಪ ಹೊಳೆಯಪ್ಪನ ಮನೆಗೆ ಬರುವಷ್ಟರಲ್ಲಿ ಎರಡು ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದ. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬೀಡಿಯಿಂದ ಶ್ವಾಸಕೋಶ ಹಾಳಾಗಿದೆ. ಹೋದದ್ದು ಪೂರ್ತಿ ಮರಳಿ ಬರುವುದಿಲ್ಲ, ಇವತ್ತೇ ಬಿಟ್ಟರೆ ಉಳಿದದ್ದು ಉಳಿಯುತ್ತದೆ. ಬಿಡದಿದ್ದರೆ ಆಕ್ಸಿಜನ್ ಸಿಲಿಂಡರೇ ಗತಿ. ಮೈಲಾರಪ್ಪ ಹೆದರಿ ಬಿಟ್ಟ. ಲವಂಗ ಜಗಿದ, ಹೆಂಡತಿಯ ಮೇಲೆ ಕೂಗಾಡಿದ, ಉಣ್ಣುವ ತಾಟು ತಳ್ಳಿ ಎದ್ದ. ಆದರೂ ನಲವತ್ತು ದಿನ ಬೀಡಿ ಮುಟ್ಟಲಿಲ್ಲ.

ನಲವತ್ತೊಂದನೆಯ ದಿನ ಹೊಳೆಯಪ್ಪನ ಮಗ ಬೀರಲಿಂಗನ ನಿಶ್ಚಯ.

ಕೇಶ್ವಾಪುರದಿಂದ ಹೆಣ್ಣಿನ ಕಡೆಯವರು ಬಂದು ಪಡಸಾಲೆಯ ಜಮಖಾನೆಯ ಮೇಲೆ ಕೂತರು. ತಾಟು ಸುತ್ತುತ್ತ ಮೈಲಾರಪ್ಪನ ಮುಂದೆ ಬಂತು. ಅವನು ಕೈ ಮುಗಿದ.

“ಬ್ಯಾಡೋ ಹೊಳೆಪ್ಪಾ. ಡಾಕ್ಟರು ಬ್ಯಾಡ ಅಂದಾರ.”

“ಲೇ ಮೈಲಾರ್ಯಾ, ಬೀಗರ ಮುಂದ ನನ್ನ ತಾಟು ಹೊಳ್ಳಿ ಕಳಸ್ತಿಯೇನು? ನನ್ನ ಮರ್ಯಾದಿ ಏನಾತು? ಒಂದ ಬೀಡಿಗೆ ಆಕಾಶ ಕಳಚಿ ಬೀಳ್ತೈತೇನು?”

ಬೀಗರು ನಕ್ಕರು. ಮೈಲಾರಪ್ಪ ಗೆಳೆಯನ ಮುಖ ನೋಡಿದ, ನಗುವವರ ಮುಖ ನೋಡಿದ, ಒಂದು ಬೀಡಿ ಎತ್ತಿಕೊಂಡ. ಹೊಳೆಯಪ್ಪ ತಾನೇ ಕಡ್ಡಿ ಗೀರಿ ಹಚ್ಚಿಕೊಟ್ಟ.

ಆ ಒಂದು ಬೀಡಿ ಸಂಜೆಗೆ ನಾಲ್ಕಾಯಿತು. ವಾರದೊಳಗೆ ದಿನಕ್ಕೊಂದು ಕಟ್ಟಾಯಿತು. ಮೂರನೆಯ ವಾರ ಮೈಲಾರಪ್ಪನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಹೊಳೆಯಪ್ಪ ನೋಡಲು ಹೋದಾಗ ಗೆಳೆಯನ ಮುಖಕ್ಕೆ ಮಾಸ್ಕ್ ಹಾಕಿದ್ದರು. ಏನೋ ಹೇಳಲು ಹೋದ ಮೈಲಾರಪ್ಪನಿಗೆ ಒಂದು ಮಾತು ಮುಗಿಸುವಷ್ಟೂ ಉಸಿರಿರಲಿಲ್ಲ. ಹೊಳೆಯಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದವನೇ ಕಿಸೆಗೆ ಕೈ ಹಾಕಿದ, ಬೀಡಿಗಾಗಿ! ತನ್ನ ಕೈ ನೋಡಿ ತನಗೇ ನಾಚಿಕೆಯಾಯಿತು.

ಮರುದಿನ ಆಶಾ ಕಾರ್ಯಕರ್ತೆ ಲಕ್ಷ್ಮೀ ಮನೆಗೆ ಬಂದಳು. ಹೊಳೆಯಪ್ಪ ಮೋರೆ ಇಳಿಬಿಟ್ಟು ಕೂತಿದ್ದ. ಆದರೂ ವಾದ ಬಿಡಲಿಲ್ಲ.

“ಯವ್ವಾ, ನಮ್ಮಪ್ಪ ಎಂಬತ್ತರ ತನಕಾ ಸೇದಿದ. ಅಂವಗೇನಾತು?”

“ಅಜ್ಜಾರು ಬದುಕಿದ್ರು, ಖರೇ ಐತ್ರಿ ಕಾಕಾ. ನಿಮ್ಮ ಜೋಡಿ ಕಣದಾಗ ಪದಾ ಹಾಡಿ ಬೀಡಿ ಸೇದಿದವ್ರು ಎಷ್ಟ ಮಂದಿ ಇದ್ರಿ? ಈಗ ಎಷ್ಟ ಮಂದಿ ಅದೀರಿ?”

ಹೊಳೆಯಪ್ಪ ಬೆರಳು ಮಡಚಿ ಎಣಿಸತೊಡಗಿದ. ಒಬ್ಬನಿಗೆ ಗಂಟಲು ಕ್ಯಾನ್ಸರ್. ಒಬ್ಬ ಎದೆ ಹಿಡಿದುಕೊಂಡು ಹೊಲದಲ್ಲೇ ಬಿದ್ದ. ಒಬ್ಬ ಕೆಮ್ಮಿ ಕೆಮ್ಮಿ ಸೊರಗಿ ಹೋದ. ಇನ್ನೊಬ್ಬನಿಗೆ ಲಕ್ವ. ಆರು ಮಂದಿಯಲ್ಲಿ ಉಳಿದದ್ದು ಇಬ್ಬರೇ. ಅವರಲ್ಲೊಬ್ಬ ಆಸ್ಪತ್ರೆಯಲ್ಲಿದ್ದಾನೆ. ಇಷ್ಟು ವರ್ಷ ಆ ಕಣವನ್ನು ನೆನೆದು ಖುಷಿಪಟ್ಟವನು ಆ ಗೆಳೆಯರನ್ನು ಒಮ್ಮೆಯೂ ಹೀಗೆ ಎಣಿಸಿರಲಿಲ್ಲ.

“ಎಲ್ಲಾರಿಗೂ ಬೀಡಿಲೇ ಬಂತು ಅಂತ ನಾ ಹೇಳೂದಿಲ್ರಿ” ಎಂದಳು ಲಕ್ಷ್ಮೀ. “ಆದ್ರ ಇವೆಲ್ಲಾ ಬ್ಯಾನಿ ಸೇದಾವ್ರಿಗೆ ಭಾಳ ಬರ್ತಾವು. ಬೀಡಿ ಸಣ್ಣದು, ಸಿಗರೇಟಿನಷ್ಟ ಕೆಟ್ಟದ್ದಲ್ಲ ಅಂತಾರಲ್ಲ, ಅದೂ ಸುಳ್ಳರಿ.”

ಒಳಗಿನಿಂದ ಹೆಂಡತಿ ಉಡಚವ್ವ ಬಂದು ಹೊಸ್ತಿಲಲ್ಲಿ ನಿಂತಳು. “ಮೂವತ್ತೈದು ವರ್ಷ ಇವರ ಹೊಗಿ ನಾನೂ ಕುಡದೀನಿ ಲಕ್ಷ್ಮೀ. ನನ್ನ ಮುಂದ ಯಾರು ತಾಟು ಹಿಡದಿದ್ರು, ಬೇಕೇನು ಅಂತ ಕೇಳಿ?”

ಹೊಳೆಯಪ್ಪ ಲಕ್ಷ್ಮೀಯ ಕಡೆ ತಿರುಗಿ ಮೆಲ್ಲಗೆ ಕೇಳಿದ:

“ನನ್ನಿಂದ ಆತೇನವ್ವಾ, ಮೈಲಾರ್ಯಾಗ?”

“ಚಟದ ಜೋರು ಅಷ್ಟ ಇರ್ತೈತ್ರಿ ಕಾಕಾ. ಬಿಟ್ಟಾಂವಗ ಒಂದ ಬೀಡಿ ಸಾಕು. ಅವರು ನಲವತ್ತು ದಿನ ಗಟ್ಟಿ ನಿಂತಿದ್ರು. ನೀವು ಪ್ರೀತಿಲೇ ಕೊಟ್ರಿ, ಅದಕ್ಕ ಅವರಿಗೆ ಒಲ್ಲೆ ಅನ್ನಾಕ ಆಗಲಿಲ್ಲ.”

ಇದು ಬೈಗುಳಕ್ಕಿಂತ ಜೋರಾಗಿ ನಾಟಿತು. ಹೊಳೆಯಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

“ಇನ್ನ ಏನ ಮಾಡ್ಲಿ, ಹೇಳು.”

“ಅವರು ಮತ್ತ ಬಿಡಬಹುದ್ರಿ. ಒಮ್ಮೆ ಜಾರಿದ್ರ ಮುಗದಿಲ್ಲ. ಬೀಡಿ ಬೇಕು ಅನ್ನೋ ಜೋರು ಐದ-ಹತ್ತು ಮಿನಿಟು ಇರ್ತೈತಿ. ಅಷ್ಟೊತ್ತು ನೀರು ಕುಡೀರಿ, ಯಾರ ಜೋಡಿಯರೆ ಮಾತಾಡ್ರಿ, ಅದು ಹೋಗ್ತೈತಿ. ಮನ್ಯಾಗ ಕಟ್ಟು ಇಡಬ್ಯಾಡ್ರಿ. ದವಾಖಾನ್ಯಾಗ ಸಲಹಾ ಕೊಡ್ತಾರ, ಬೇಕಾದ್ರ ಔಷಧಾನೂ ಕೊಡ್ತಾರ. ಆದ್ರ ಮೈಲಾರಪ್ಪ ಕಾಕಾನ ಬಾಜೂ ಕುಂತು ನೀವ ಸೇದಿದ್ರ ಅವರು ಹ್ಯಾಂಗ ಬಿಡ್ತಾರ್ರಿ?”

ಮೈಲಾರಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಹೊಳೆಯಪ್ಪ ಅವನ ಕಟ್ಟೆಗೆ ಹೋಗಿ ಕೂತ. “ಲೇ, ಹಚ್ಚಾಕ ಕಲತದ್ದೂ ಜೋಡಿಲೇ. ಬಿಡೂದೂ ಜೋಡಿಲೇ ಆಗ್ಲಿ” ಎಂದ. ಸುಲಭವೇನೂ ಆಗಲಿಲ್ಲ. ಹತ್ತನೆಯ ದಿನ ಹೊಳೆಯಪ್ಪ ಹಿತ್ತಲಲ್ಲಿ ಕದ್ದು ಒಂದು ಸೇದಿದ. ತಾನೇ ಹೋಗಿ ಗೆಳೆಯನಿಗೆ ಹೇಳಿ ಬೈಸಿಕೊಂಡ, ಮತ್ತೆ ಬಿಟ್ಟ.

ಯುಗಾದಿಯಾದ ಮೇಲೆ ಬೀರಲಿಂಗನ ಮದುವೆ ಬಂತು. ಈ ಸಲ ತಾಟಿನಲ್ಲಿ ಶೇಂಗಾ ಉಂಡೆ, ಕಲ್ಲುಸಕ್ಕರೆ, ಯಾಲಕ್ಕಿ. ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲ ಎಂದು ಲಕ್ಷ್ಮೀ ಅದನ್ನೂ ತೆಗೆಸಿದ್ದಳು. ಹೆಣ್ಣಿನ ದೊಡ್ಡಪ್ಪ ಹುಲಗಪ್ಪ ತಾಟಿನೊಳಗೆ ಬಗ್ಗಿ ನೋಡಿದ.

“ಏನ್ರಿ ಬೀಗರ, ಬೀಡಿ ಮರತ್ರೇನು?”

ಹೊಳೆಯಪ್ಪ ಎದ್ದು ನಿಂತ.

“ಮರತಿಲ್ರಿ. ಹ್ವಾದ ಸಲ ನಿಮ್ಮ ಮುಂದ ದೊಡ್ಡಸ್ತಿಕಿ ತೋರಸಾಕ ಹೋಗಿ ನನ್ನ ಗೆಳ್ಯಾನ್ನ ದವಾಖಾನಿಗೆ ಕಳಿಸಿದೆ. ಇನ್ನ ಈ ಮನ್ಯಾಗ ಯಾರಿಗೂ ಬೀಡಿ ಕೊಡೂದಿಲ್ಲ. ನಿಮಗ ಸಿಟ್ಟ ಬಂದ್ರ ಕಾಲ ಹಿಡೀತೇನಿ, ಆದ್ರ ಬೀಡಿ ಮಾತ್ರ ಕೊಡೂದಿಲ್ರಿ.”

ಹುಲಗಪ್ಪ ತಾಟನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ತಲೆ ತಗ್ಗಿಸಿ ಹೇಳಿದ:

“ನನ್ನ ಸಣ್ಣ ತಮ್ಮನೂ ಬಿಡಬೇಕಂತಿದ್ದ್ರಿ. ಹ್ವಾದಲ್ಲೆಲ್ಲಾ ಯಾರರೆ ಒಬ್ಬರು ಕೊಡಾವ್ರು. ನಾನೂ ಕೊಟ್ಟೇನಿ. ಹ್ವಾದ ವರ್ಷ ಮಣ್ಣ ಮಾಡಿದ್ವಿ. ಒಂದ ಮನ್ಯಾಗರೆ ಹಿಂಗ ಇಲ್ಲ ಅಂದಿದ್ರ…”

ಮೈಲಾರಪ್ಪ ಸರಿದು ಹುಲಗಪ್ಪನ ಪಕ್ಕದಲ್ಲಿ ಕೂತ.

ಅಕ್ಕ ಅಣ್ಣಂದಿರೇ, ನಿಮ್ಮ ಮನೆಯ ಮುಂದಿನ ಕಾರ್ಯದಲ್ಲಿ ಬಂದವರ ಮುಂದೆ ಏನಿಡುತ್ತೀರಿ? ಬೆಲ್ಲ ಕೊಡಿ, ನೀರು ಕೊಡಿ, ಹೊಟ್ಟೆ ತುಂಬ ಊಟ ಕೊಡಿ. ಬೀಡಿ ಸಿಗರೇಟು ಕೊಡಬೇಡಿ. ಬಿಟ್ಟವರು ಬೇಡ ಎಂದರೆ ನಗಬೇಡಿ, ಬೆನ್ನು ತಟ್ಟಿ. ನೀವೇ ಬಿಡಬೇಕೆಂದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ 1800-11-2356ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ. ನಿಮ್ಮ ಗೆಳೆಯ ಇನ್ನೂ ಇರುವಾಗಲೇ ಅವನ ಕೈ ಹಿಡಿಯಿರಿ.