ಮಂಜು ಕುಡಿಯುವ ಮರ

ಮರ ಸತ್ತಿದೆ ಎಂದು ಐತಪ್ಪ ಹೇಳಿ ಮುಗಿಸುವಷ್ಟರಲ್ಲಿ ಶಿವಲಿಂಗಮ್ಮ ಅದರ ರೆಂಬೆಯೊಂದನ್ನು ಉಗುರಿನಿಂದ ಕೆರೆದು ನೋಡಿಯಾಗಿತ್ತು. ತೊಗಟೆಯ ಕೆಳಗೆ ಹಸಿರಿತ್ತು.

"ಜೀವ ಅದ ಕನಣ್ಣ."

"ಎಂತ ಜೀವ? ಬುಡದಿಂದ ಕೊಡಿವರೆಗೆ ಕೆಂಪಾಗಿದೆ. ನೀರು ಹಾಕದೆ ಕೊಂದದ್ದು ನೀನು. ನಿನ್ನ ಕೈ ಸರಿ ಇಲ್ಲ ಮಾರಾಯ್ತಿ. ಇವಳ ಕೈಗೆ ಗಿಡ ಕೊಡ್ಬೇಡಿ ಅಂತ ಈ ರೋಡಿಗೆಲ್ಲ ನಾನೇ ಹೇಳ್ತೇನೆ ನೋಡು."

ಹೇಳುವುದೇನೂ ಬಾಕಿ ಇರಲಿಲ್ಲ. ತನ್ನ ಹೋಟೆಲಿನ ಬಾಗಿಲಲ್ಲಿ ನಿಂತು ಅಷ್ಟು ಗಟ್ಟಿಯಾಗಿ ಕೂಗಿದರೆ ನುಂಗಂಬಾಕ್ಕಂನ ಆ ರಸ್ತೆಯಲ್ಲಿ ಯಾರಿಗೆ ಕೇಳುವುದಿಲ್ಲ? ಎದುರಿನ ಔಷಧಿ ಅಂಗಡಿಯವನು ಹೊರಗೆ ಬಂದ. ಪಕ್ಕದ ಟ್ರಾವೆಲ್ಸ್ ಆಫೀಸಿನ ಹುಡುಗಿ ಕಿಟಕಿಯಲ್ಲಿ ಕಾಣಿಸಿಕೊಂಡಳು. ಆ ರಸ್ತೆಯ ಹನ್ನೊಂದು ಬಾಗಿಲುಗಳ ಮುಂದಿನ ಕುಂಡಗಳನ್ನು ಶಿವಲಿಂಗಮ್ಮ ನೋಡಿಕೊಳ್ಳುತ್ತಿದ್ದಳು. ಅವಳ ಅನ್ನ ಆ ಹನ್ನೊಂದು ಬಾಗಿಲುಗಳಲ್ಲಿತ್ತು. ಈಗ ಹತ್ತು ಬಾಗಿಲುಗಳು ಅವಳ ಕೈಯನ್ನೇ ನೋಡುತ್ತಿದ್ದವು.

ಈ ಮರ ತರಬೇಡಿ ಎಂದವಳು ಅವಳೇ. ಹಿಂದಿನ ಬೇಸಿಗೆಯಲ್ಲಿ ಐತಪ್ಪ ಊಟಿಗೆ ಹೋಗಿ, ಅಲ್ಲಿ ಬೇಲಿಯುದ್ದಕ್ಕೂ ನಿಂತ ಸೈಪ್ರೆಸ್ ಮರಗಳನ್ನು ನೋಡಿ ಮರುಳಾಗಿ, ಒಂದನ್ನು ಕುಂಡದ ಸಮೇತ ಹೊರಿಸಿಕೊಂಡು ಬಂದಿದ್ದ. ಶಿವಲಿಂಗಮ್ಮನಿಗೆ ಆ ಮರ ಹೊಸದಲ್ಲ. ಗುಂಡ್ಲುಪೇಟೆ ಕಡೆಯಿಂದ ಘಾಟಿ ಹತ್ತಿದ ಅವಳ ಅವ್ವ ಊಟಿಯ ನರ್ಸರಿಯೊಂದರಲ್ಲಿ ಇಪ್ಪತ್ತು ವರ್ಷ ಸಸಿಮಡಿ ಮಾಡಿದವಳು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಎಲೆ, ಹಿಸುಕಿದರೆ ನಿಂಬೆಯ ವಾಸನೆ, ಬೆಂಕಿಯ ಬಿಸಿ ತಾಗುವವರೆಗೆ ವರ್ಷಗಟ್ಟಲೆ ಬಾಯಿ ಬಿಡದ ಉರುಟು ಕಾಯಿ, ಇವೆಲ್ಲ ಅವಳಿಗೆ ಅಕ್ಷರಕ್ಕಿಂತ ಮೊದಲು ಬಂದ ಪಾಠ. ಅದರ ತವರು ಊಟಿಯೂ ಅಲ್ಲ. ಅಮೆರಿಕದ ಪಡುವಣ ಕಡಲಿನ ಅಂಚಿನಲ್ಲಿ ಎರಡೇ ಎರಡು ಬಂಡೆಗುಡ್ಡ, ಅಷ್ಟೇ ಅದರ ಹುಟ್ಟೂರು ಎಂದು ನರ್ಸರಿಯ ಮೇಸ್ತ್ರಿ ಹೇಳುತ್ತಿದ್ದ. ಬಂಡೆಯ ಬಿರುಕಿನಲ್ಲಿ ಬೇರು, ಬೇಸಿಗೆಯಲ್ಲಿ ಮಳೆಯಿಲ್ಲ, ಕಡಲಿಂದ ಬರುವ ಮಂಜನ್ನು ಎಲೆಯಲ್ಲಿ ಹಿಡಿದು ಕುಡಿಯುತ್ತದೆ.

"ತಂಪು ಕೇಳ್ತದ, ಆದ್ರ ಕಾಲು ಒದ್ದೆಯಾದ್ರ ತಡ್ಕಳಲ್ಲ," ಎಂದು ಅವಳು ಅಂದೇ ಐತಪ್ಪನಿಗೆ ಹೇಳಿದ್ದಳು. ಅವನು ಅದನ್ನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೇಳಿ, ಅಲ್ಲೇ ಬಿಟ್ಟಿದ್ದ.

"ನಾನು ಈ ಕುಂಡ ಮುಟ್ಟಿ ಎರಡು ತಿಂಗ್ಳಾಯ್ತು," ಎಂದಳು ಈಗ.

"ಒಪ್ಪಿದೆಯಲ್ಲ! ಬಾಯಲ್ಲೇ ಬಂತು!"

"ಯಾಕ ಮುಟ್ನಿಲ್ಲ ಅಂತ ಅಕ್ಕಾರ್‌ನ ಕೇಳಿ."

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಐತಪ್ಪನ ಹೆಂಡತಿ ಗುಣವತಿ ಸೆರಗನ್ನು ಎಳೆದುಕೊಂಡಳು. ಕುಂಡದ ಕಂಠದ ಸುತ್ತ ಅವಳೇ ಇಟ್ಟ ಅರಿಸಿನ ಕುಂಕುಮ ಇತ್ತು. ತುಳಸಿಕಟ್ಟೆಗೆ ಜಾಗವಿಲ್ಲದ ಹೋಟೆಲಿನಲ್ಲಿ ಬಾಗಿಲ ಬಳಿ ಹಸಿರಾಗಿ ನಿಂತ ಮರ ಎಲ್ಲರಿಗೂ ದೇವರಾಗಿಬಿಟ್ಟಿತ್ತು.

ಶಿವಲಿಂಗಮ್ಮ ಉತ್ತರಕ್ಕೆ ಕಾಯಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕುಂಡವನ್ನು ಅಪ್ಪಿ ಅಡ್ಡ ಮಲಗಿಸಿದಳು.

"ಮುಟ್ಬೇಡ ಅಂತ ಹೇಳಿದ್ದಲ್ವಾ!" ಗುಣವತಿಯ ಬಾಯಿಂದ ತಾನಾಗಿ ಬಂತು.

ಐತಪ್ಪ ಹೆಂಡತಿಯ ಕಡೆ ತಿರುಗಿದ. ಅಷ್ಟರಲ್ಲಿ ಶಿವಲಿಂಗಮ್ಮ ಕುಂಡದ ತಳವನ್ನು ತೋರಿಸುತ್ತಿದ್ದಳು. ನೀರು ಬಸಿಯುವ ತೂತಿಗೆ ಸಿಮೆಂಟು ಮೆತ್ತಿತ್ತು.

"ಬಾಗಿಲಲ್ಲಿ ಬರೆದ ಕೋಲಮ್ ಹಾಳಾಗ್ತಿತ್ತು ನೀರು ಹರಿದು," ಗುಣವತಿ ಗೊಣಗಿದಳು.

ಶಿವಲಿಂಗಮ್ಮ ಕುಡುಗೋಲಿನ ಹಿಡಿಯಿಂದ ಎರಡು ಏಟು ಹಾಕಿದಳು. ಕುಂಡ ಹೋಳಾಯಿತು. ಒಳಗಿನಿಂದ ಚರಂಡಿಯಂಥ ನಾತ ಎದ್ದು, ಇಡ್ಲಿ ತಿನ್ನುತ್ತಿದ್ದ ಗಿರಾಕಿಯೊಬ್ಬ ಮೂಗು ಮುಚ್ಚಿಕೊಂಡ. ಬೇರು ಕಪ್ಪಗೆ ಕೊಳೆತು ಕೈಗೆ ಅಂಟುತ್ತಿತ್ತು.

"ಇದು ಒಣಗಿ ಸತ್ತ ಬೇರಾ? ಬನ್ನಿ, ಮುಟ್ಟಿ ನೋಡಿ. ದಿನಾ ನೀರು ಯಾರ್‍ಯಾರ್ ಆಕ್ತೀರಿ, ಏಳಿ."

ಅಡುಗೆಯ ವಿಷ್ಣುತೀರ್ಥ ಪಂಚೆಗೆ ಕೈ ಒರೆಸುತ್ತ ಮುಂದೆ ಬಂದ. "ನಾನು ಸ್ನಾನ ಮಾಡಿ ಬಂದು ಒಂದೇ ಚೊಂಬು ಹಾಕುವುದು. ದೇವರಾಣೆ."

"ನಾನೂ ಒಂದೇ," ಎಂದ ದೋಸೆಯವನು.

"ನಾನೊಂದು, ಸಂಜೆ ದೀಪ ಹಚ್ಚಿ ಇನ್ನೊಂದು," ಎಂದಳು ಗುಣವತಿ, ಇನ್ನೂ ಸಣ್ಣ ದನಿಯಲ್ಲಿ.

ಸಪ್ಲೈಯರು, ಚಟ್ನಿ ರುಬ್ಬುವವಳು, ಕೊನೆಗೆ ಪಾತ್ರೆ ತೊಳೆಯುವವನು, ಎಲ್ಲರದೂ ಒಂದೊಂದೇ. ಲೆಕ್ಕ ಏಳಕ್ಕೆ ಬಂದು ನಿಂತಿತು. ಔಷಧಿ ಅಂಗಡಿಯವನು ರಸ್ತೆಯ ಆಚೆಯಿಂದ ನಕ್ಕ, "ಅಯ್ಯೋ ಪಾವಂ, ಮರಕ್ಕೆ ಜಲಸಮಾಧಿ ಸಾರ್!"

ಶಿವಲಿಂಗಮ್ಮ ನಗಲಿಲ್ಲ. ಅದು ಎರಡು ಸಾವಿರದ ಮೂರನೇ ಇಸವಿ. ಊರಿಗೂರೇ ಪ್ಲಾಸ್ಟಿಕ್ ಕೊಡ ಹಿಡಿದು ನೀರಿನ ಲಾರಿಗೆ ಕಾಯುತ್ತಿದ್ದ ಕಾಲ.

"ನಮ್ ಬೀದೀಲಿ ತಣ್ಣಿ ಲಾರಿ ಬಂದ್ರ ಮನೆಗೆ ಮೂರು ಕೊಡ. ಅದ್ಕೂ ಜುಟ್ಟು ಜುಟ್ಟು ಇಡ್ಕತಾರ ಎಂಗಸ್ರು. ಇಲ್ಲಿ ಬ್ಯಾಡ ಬ್ಯಾಡ ಅನ್ನೋ ಮರಕ್ಕ ಏಳು ಚೊಂಬು. ಬ್ಯಾಡ ಅನ್ನೂಕ ಗೊತ್ತಿರೋಳ್ನ ಮುಟ್ಬೇಡ ಅಂದ್ರಿ. ಈಗ ಕೊಂದೋಳೂ ನಾನೇಯಾ?"

ಐತಪ್ಪ ಬಗ್ಗಿ ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದ. ಅದು ಜಾರಿ ಸಿಪ್ಪೆ ಬಿಟ್ಟಿತು. ಬೆರಳನ್ನು ಮೂಗಿನ ಹತ್ತಿರ ತಂದು ತಟ್ಟನೆ ಇಳಿಸಿದ.

"ಆಯ್ತು ಬಿಡು. ತಪ್ಪಾಯ್ತು ಅಂತ ಇಟ್ಕೋ. ಇದನ್ನು ಎಸೆದು ಬೇರೆ ಎಂತಾದ್ರೂ ತಂದಿಡು."

"ಎಸಿಯೂಕಿಲ್ಲ." ಅವಳು ಕೂತು ಕೊಳೆತ ಬೇರುಗಳನ್ನು ಒಂದೊಂದಾಗಿ ಕೊಯ್ಯತೊಡಗಿದ್ದಳು. ನಡುವೆ ಎಲ್ಲೋ ಅಕ್ಕಿಕಾಳಿನಷ್ಟು ಬಿಳಿ ತುದಿಗಳು ಉಳಿದಿದ್ದವು. "ರೋಡ್ ಕೊನೇಲಿ ಕೋಯಂಬೇಡು ಬಸ್‌ಸ್ಟ್ಯಾಂಡ್‌ಗೆ ಓಗೋ ಟೆಂಪೋ ನಿಂತದ. ಅಲ್ಲಿಂದ ಊಟಿ ಬಸ್ಸು. ನಮ್ ತಂಗಿ ಇಳಿಸ್ಕತಾಳ. ಚಳೀಲಿ, ಮರಳಲ್ಲಿ ನಿಂತ್ರ ಬದ್ಕಿದ್ರೂ ಬದ್ಕೀತು."

"ಸರಿ, ತೆಕ್ಕೊಂಡು ಹೋಗು."

"ಒಬ್ಳಿಗೆ ಆಗಲ್ಲ. ನೀವು ಬನ್ನಿ." ಅವಳು ಉಳಿದ ಬೇರಿಗೆ ಗೋಣಿ ಸುತ್ತಿ ಕಟ್ಟುತ್ತಿದ್ದಳು.

"ನಾನಾ? ಹುಡುಗರುಂಟಲ್ಲ."

"ರೋಡಿಗೆಲ್ಲ ಕೇಳೋ ಅಂಗೆ ಕೂಗ್ದೋರು ನೀವು. ಉಡುಗ್ರಲ್ಲ."

"ಅದಕ್ಕೀಗ ಮೈಕು ಹಿಡ್ಕೊಂಡು ಹೇಳ್ಬೇಕಾ ಮಾರಾಯ್ತಿ?"

"ಮೈಕು ಬ್ಯಾಡಣ್ಣ. ಬುಡ ಇಡ್ಕಳಿ. ತುದಿ ನಾನ್ ಇಡ್ಕತೀನಿ."

ವಿಷ್ಣುತೀರ್ಥ ಮುಂದೆ ಬರಲು ನೋಡಿದ. ಐತಪ್ಪ ಕೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದ. ಗರಿಗರಿ ಇಸ್ತ್ರಿಯಾದ ಬಿಳಿ ಪಂಚೆಯನ್ನು ಒಮ್ಮೆ ನೋಡಿಕೊಂಡು, ಅದನ್ನು ಎತ್ತಿ ಕಟ್ಟಿ, ಬಗ್ಗಿದ.

ಶಿವಲಿಂಗಮ್ಮ ಮುಂದೆ ನಡೆದಳು. ರಸ್ತೆಯ ನಟ್ಟನಡುವೆ, ಅವಸರವಿಲ್ಲದೆ. ಔಷಧಿ ಅಂಗಡಿ ದಾಟಿತು, ಟ್ರಾವೆಲ್ಸ್ ಆಫೀಸು ದಾಟಿತು, ಎಸ್‌ಟಿಡಿ ಬೂತು, ಟೈಲರು, ಕಣ್ಣಿನ ಡಾಕ್ಟರು. ಒಂದೊಂದು ಬಾಗಿಲಲ್ಲೂ ಅವಳು ನಿಂತು ಕೈ ಬದಲಿಸಿದಳು. ಹಿಂದೆ ಐತಪ್ಪನೂ ನಿಲ್ಲಬೇಕಾಯಿತು. ಗೋಣಿಯೊಳಗಿಂದ ಕಪ್ಪು ನೀರು ತೊಟ್ಟಿಕ್ಕಿ ಬಿಳಿ ಪಂಚೆಯ ಮೇಲೆ ಇಳಿದು, ಅಲ್ಲಿಂದ ಕಾದ ಡಾಂಬರಿನ ಮೇಲೆ ಬಿದ್ದು, ಬಿದ್ದಲ್ಲೇ ಆರುತ್ತಿತ್ತು.