ಕಂಬಿ ಬಿಟ್ಟ ಕೈ

ಶಿವಲೀಲಾ ಗಟ್ಟಿ ನೆಲದ ಮೇಲೆ ನಡೆಯುವುದನ್ನು ಮೊದಲ ಸಲ ಕಂಡವರಿಗೆ, ಈ ಭೂಮಿಯನ್ನು ಯಾರೋ ಓಡಿಸುತ್ತಿದ್ದಾರೆ, ಆ ಯಾರೋ ಯಾವ ಕ್ಷಣದಲ್ಲಾದರೂ ಬ್ರೇಕು ಹಾಕಬಹುದು ಎಂಬ ಗುಮಾನಿ ಹುಟ್ಟುತ್ತದೆ. ಪಾದಗಳೆರಡನ್ನೂ ಒಂದಿಷ್ಟು ಅಗಲಿಸಿ, ಮೊಣಕಾಲನ್ನು ಸಡಿಲ ಬಿಟ್ಟು, ಸೊಂಟವನ್ನು ಅತ್ತಿತ್ತ ತೂಗುತ್ತ ಆಕೆ ಮದುವೆಯ ಮಂಟಪದಲ್ಲೂ ಹಾಗೆಯೇ ನಡೆಯುತ್ತಾಳೆ, ಆಸ್ಪತ್ರೆಯ ಪಡಸಾಲೆಯಲ್ಲೂ ಹಾಗೆಯೇ. ಕೊಪ್ಪಳ-ಯಲಬುರ್ಗಾ ಬಸ್ಸಿನಲ್ಲಿ ಕಂಡಕ್ಟರಾಗಿ ವರ್ಷಗಳು ಉರುಳಿದ ಮೇಲೆ ನಿಂತ ನೆಲದ ಮೇಲಿನ ನಂಬಿಕೆಯೇ ಆಕೆಗೆ ಹೊರಟುಹೋಗಿದೆಯೆಂದು ನಾನು ಚೇಷ್ಟೆ ಮಾಡುತ್ತೇನೆ. "ನೆಲಾ ಏನ್ ನಿಂತಿರತೈತೇನ್ರಿ ಸರ್? ಅದೂ ತಿರಗಾಕತ್ತೈತಂತ ನೀವ ಪಾಠ ಹೇಳಂಗಿಲ್ಲೇನು?" ಎನ್ನುತ್ತಾಳೆ. ನಾನು ಹೇಳುವುದು ಕನ್ನಡ ಪಾಠ. ಆದರೂ ಆಕೆಯ ಎದುರು ವಾದದಲ್ಲಿ ಗೆದ್ದ ದಾಖಲೆ ನನಗಿಲ್ಲ.

ಮನೆ ಕೊಪ್ಪಳದಲ್ಲಿ, ಕೆಲಸ ಯಲಬುರ್ಗಾದ ಕಾಲೇಜಿನಲ್ಲಿ. ಹೀಗಾಗಿ ನನ್ನ ಆಯುಷ್ಯದ ಗಣನೀಯ ಭಾಗವೊಂದು ಆಕೆಯ ಬಸ್ಸಿನಲ್ಲಿ ಸವೆದಿದೆ. ಸೀರೆಯ ಮೇಲೆ ಆಕೆ ತೊಡುವ ಖಾಕಿ ಕೋಟನ್ನು ವರ್ಣಿಸದೆ ಮುಂದೆ ಹೋಗುವುದು ಅಪಚಾರವಾದೀತು. ಹೊಲಿದವನು ಯಾವನೋ ಪೈಲ್ವಾನನ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದಂತಿದ್ದ ಆ ದೊಗಳೆ ಕೋಟಿನ ಬಲಜೇಬಿನಲ್ಲಿ ಚಿಲ್ಲರೆ, ಎಡಜೇಬಿನಲ್ಲಿ ಪೆನ್ಸಿಲು, ರಬ್ಬರು, ಶಾರ್ಪನರು. ಪೆನ್ಸಿಲು ಹೆರೆದ ಹೊಟ್ಟು ಸಹ ಬಸ್ಸು ಹೊಲಸಾದೀತೆಂದು ಅದೇ ಜೇಬಿಗೆ. ಅವಸರದಲ್ಲಿ ಜೇಬು ತಪ್ಪಿ, ಚಿಲ್ಲರೆ ಬೇಡಿದ ಗೌಡರೊಬ್ಬರ ಅಂಗೈಗೆ ರಬ್ಬರಿನ ತುಂಡೊಂದು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನು ಆಕೆಯ ಬಾಯಿಗೆ ಅಂಟಿಕೊಂಡ ಮಾತೊಂದಿದೆ: "ಒಳಗ ಸರೀರಿ, ಒಳಗ ಭಾಳ ಜಾಗ ಐತಿ." ಕಾಲಿಡಲು ತಾವಿಲ್ಲದ ಬಸ್ಸಿನಲ್ಲೂ ಈ ಮಾತನ್ನು ಆಕೆ ಪೂರ್ಣ ಶ್ರದ್ಧೆಯಿಂದ ಹೇಳುತ್ತಾಳೆ, ತೊಟ್ಟಿಲು ಕಾರ್ಯಕ್ರಮದಲ್ಲಿ ಊಟದ ಪಂಕ್ತಿಗೂ ಹೇಳಿದ್ದುಂಟು.

ಆ ಪೆನ್ಸಿಲಿನ ಕಥೆ ಶುರುವಾದದ್ದು ಆಕೆ ನಡುವೆ ಕೆಲಕಾಲ ಗಂಗಾವತಿ ಕಡೆಯ ಬಸ್ಸಿನಲ್ಲಿದ್ದಾಗ. ಹನುಮನಹಳ್ಳಿಯಲ್ಲಿ ಇಳಿದ ಪರದೇಶಿ ಪ್ರವಾಸಿಯೊಬ್ಬ ಸೀಟಿನ ಮೇಲೆ ಕಾಮಿಕ್ಸ್ ಪುಸ್ತಕವೊಂದನ್ನು ಮರೆತು ಹೋದ. ಡಿಪೋಗೆ ಒಪ್ಪಿಸಿದಳು, ಕೇಳಿಕೊಂಡು ಯಾರೂ ಬರಲಿಲ್ಲ, ಕೊನೆಗೆ ಅದು ಆಕೆಯ ಪಾಲಿಗೇ ಬಂತು. ಮುಖವಾಡ ತೊಟ್ಟು, ಬೆನ್ನಿಗೆ ಬಟ್ಟೆ ಕಟ್ಟಿಕೊಂಡು, ಮುಗಿಲೆತ್ತರದ ಕಟ್ಟಡಗಳ ನಡುವೆ ಹಾರಾಡುವ ಸೂಪರ್‌ಹೀರೋಗಳನ್ನು ನೋಡಿ ಆಕೆಗೆ ಬೆರಗಾಗಲಿಲ್ಲ, ಸಿಟ್ಟು ಬಂತು. "ಹಾರೋ ವಿದ್ಯಾ ಹುಟ್ಟಿದ್ದ ನಮ್ಮ ಅಂಜನಾದ್ರಿ ಗುಡ್ಡದಾಗ. ಇವ್ರು ಕಲತು ಪುಸ್ತಕಾ ಮಾಡ್ಯಾರ, ನಾವು ಗುಡ್ಡಾ ಹತ್ತಿ ಕಾಯಿ ಒಡದು ಇಳದ ಬರ್ತೀವಿ," ಎಂದು ನನ್ನೆದುರು ಹರಿಹಾಯ್ದಳು. ಆ ಸಿಟ್ಟಿನಲ್ಲೇ ಪೆನ್ಸಿಲು ಹಿಡಿದಳು.

ಗುರುವಿಲ್ಲ, ಶಾಲೆಯಿಲ್ಲ. ಫೋನಿನಲ್ಲಿ ಸಿಕ್ಕ ಪಾಠಗಳು, ಯಲಬುರ್ಗಾ ನಿಲ್ದಾಣದಲ್ಲಿ ಬಸ್ಸು ಹೊರಡುವ ಮುನ್ನ ದೊರೆಯುವ ಬಿಡುವು, ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೊಂದು ರಟ್ಟು. ಒಂದು ಪುಟವನ್ನು ಚೌಕಗಳಾಗಿ ಒಡೆಯುವುದು, ಓದುವವನ ಕಣ್ಣು ಎಡವದೆ ಒಂದು ಚೌಕದಿಂದ ಮತ್ತೊಂದಕ್ಕೆ ಇಳಿಯುವಂತೆ ದಾರಿ ಮಾಡುವುದು, ಒಂದು ಹನಿ ಕಣ್ಣೀರಿಗೆ ಅಂಗೈಯಷ್ಟು ಜಾಗ ಕೊಟ್ಟು ಒಂದು ಜಿಗಿತಕ್ಕೆ ಇಡೀ ಹಾಳೆಯನ್ನೇ ಬಿಟ್ಟುಕೊಡುವುದು, ಇವನ್ನೆಲ್ಲ ಆಕೆ ಅಳಿಸಿ ಅಳಿಸಿ ಕಲಿತಳು. ಪರದೇಶಿ ಹೀರೋಗಳ ಉಬ್ಬಿದ ಮೈಕಟ್ಟನ್ನು ಮಾತ್ರ ಮೂಸಿಯೂ ನೋಡಲಿಲ್ಲ. "ಇಂಥಾ ಮೈ ನಮ್ಮ ಬಸ್ ಹತ್ತಂಗಿಲ್ರಿ ಸರ್," ಎಂದುಬಿಟ್ಟಳು. ತಲೆಯ ಮೇಲೆ ಬುಟ್ಟಿ ಹೊತ್ತಾಗ ಕುತ್ತಿಗೆಯ ನರ ಹೇಗೆ ನಿಲ್ಲುತ್ತದೆ, ಸೊಂಟದ ಮೇಲೆ ಕೂಸನ್ನು ಕೂರಿಸಿದವಳ ಬೆನ್ನು ಯಾವ ಕಡೆಗೆ ಬಾಗುತ್ತದೆ, ನಿದ್ದೆ ಹೋದವನ ದವಡೆ ಎಷ್ಟು ಜೋಲುತ್ತದೆ ಎಂಬುದೆಲ್ಲ ಆಕೆಗೆ ಬಸ್ಸಿನಲ್ಲೇ ಸಿಕ್ಕಿತು. ಆಕೆ ಹೆಣೆದ ಕಥೆಯ ಖಳನಾಯಕನ ಮಂತ್ರಿಯ ಹೊಟ್ಟೆಯ ಮಾದರಿ ಎಲ್ಲಿಂದ ಸಿಕ್ಕಿತೆಂಬುದನ್ನು ಹೇಳುವ ಅಗತ್ಯವಿಲ್ಲ. ನಾನು ದಿನಾಲೂ ಮೂರನೆಯ ಸೀಟಿನಲ್ಲಿ ಕೂರುತ್ತೇನೆ.

ಹೀಗೆ ಜನ್ಮ ತಾಳಿದವಳು ಸಿಡಿಲವ್ವ. ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಬೆನ್ನಿಗೆ ಬಣ್ಣಬಣ್ಣದ ಚಿಂದಿಗಳ ಕೌದಿಯನ್ನು ಕಟ್ಟಿಕೊಂಡು, ಊರುಗಳ ಮೇಲೆ ಮಸಿ ಸುರಿಯುವ ಕರಿಬೂದಿರಾಯನನ್ನು ಅಟ್ಟಿಸಿಕೊಂಡು ಹೋಗುವ ಹೆಣ್ಣುಮಗಳು. ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈಯಾದ ಆಕೆಯ ಅತ್ತೆ ಪಾರ್ವತೆಮ್ಮ ಚಿತ್ರವನ್ನು ದೂರ ಹಿಡಿದು ನೋಡಿ, "ನನ್ನ ಕೌದಿ ಹೊಚ್ಕೊಂಡು ಎಲ್ಲಿಗಿ ಹೊಂಟಾಳಕಿ? ಹೊಲಸ ಮಾಡ್ಕೊಂಡು ಬಂದ್ರ ತೊಳಿಯೋರ್ ಯಾರು?" ಎಂದರಂತೆ. ಇದಕ್ಕಿಂತ ದೊಡ್ಡ ಪ್ರಶಂಸೆ ತನಗೆ ಬೇಡವೆಂದು ಶಿವಲೀಲಾ ಹೇಳುತ್ತಿದ್ದಳು, ಆದರೆ ಅದು ಸುಳ್ಳು. ಸಿಡಿಲವ್ವ ಪುಸ್ತಕವಾಗಬೇಕು, ಅದರ ಮೇಲೆ ತನ್ನ ಹೆಸರು ಅಚ್ಚಾಗಬೇಕು, ಅದನ್ನು ಯಾರೋ ಗುರುತಿಲ್ಲದವರು ಓದಬೇಕು ಎಂಬ ಆಸೆ ಆಕೆಯ ಕಣ್ಣಲ್ಲಿ ಹೊಯ್ದಾಡುವುದನ್ನು ನಾನು ದಿನವೂ ಕಾಣುತ್ತಿದ್ದೆ.

ನನ್ನ ಹಳೆಯ ವಿದ್ಯಾರ್ಥಿ ತಿರುಪತಿ, ಗಂಗಾವತಿಯಲ್ಲಿ ಅಪ್ಪನ ಅಕ್ಕಿ ಅಂಗಡಿಯ ಮೇಲಂತಸ್ತಿನಲ್ಲಿ ಕಾಮಿಕ್ಸ್ ಪ್ರಕಾಶನ ಆರಂಭಿಸಿದ್ದ. ಮೊದಲ ಪುಸ್ತಕಕ್ಕೆ ಕನ್ನಡದ್ದೇ ಸೂಪರ್‌ಹೀರೋ ಬೇಕೆಂದು ಹುಡುಕುತ್ತಿದ್ದ. ಶಿವಲೀಲಾಳ ವಾರದ ರಜೆಯ ದಿನ ಇಬ್ಬರೂ ಹೋದೆವು. ತೌಡಿನ ವಾಸನೆಯ ಮೆಟ್ಟಿಲು ಹತ್ತಿ ಕೂತ ಮೇಲೆ ಆತ ಪುಟಗಳನ್ನು ಒಂದೊಂದಾಗಿ ನೋಡಿದ. ಸಂತೆಯ ಜನಜಂಗುಳಿಯ ಚಿತ್ರಕ್ಕೆ ತಲೆದೂಗಿದ, ಮಂತ್ರಿಯ ಹೊಟ್ಟೆಗೆ ನಕ್ಕ, ನನ್ನ ಕಡೆ ನೋಡಿ ಮತ್ತೂ ನಕ್ಕ. ಸಿಡಿಲವ್ವ ಹಾರುವ ಪುಟಗಳು ಬಂದಾಗ ಹಾಳೆ ತಿರುವುವುದನ್ನು ನಿಲ್ಲಿಸಿದ.

"ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಈಕಿ ಹಾರಾಕತ್ತಿಲ್ಲ. ನಿಂತಾಳ."

"ಎಲ್ಲಿ ನಿಂತಾಳ? ಕೆಳಗ ನೆಲಾನ ಇಲ್ಲಲ್ರಿ!"

"ಬಸ್ಸಿನ್ಯಾಗ ನಿಂತಾಳ್ರಿ," ಎಂದ ತಿರುಪತಿ ಎದ್ದು, ಬಲಗೈ ಎತ್ತಿ, ಇಲ್ಲದ ಕಂಬಿಯೊಂದನ್ನು ಹಿಡಿದು ತೋರಿಸಿದ.

ಮೂವರೂ ಪುಟಗಳ ಮೇಲೆ ಬಾಗಿದೆವು. ಕೊಪ್ಪಳದ ಕೋಟೆಯ ಮೇಲೆ ಹಾರುವ ಸಿಡಿಲವ್ವ, ಕಾಲುವೆಯ ಮೇಲೆ ಹಾರುವ ಸಿಡಿಲವ್ವ, ಭತ್ತದ ಗದ್ದೆಗಳ ಮೇಲೆ ಹಾರುವ ಸಿಡಿಲವ್ವ. ಎಲ್ಲ ಕಡೆಯೂ ಒಂದು ಕೈ ಮೇಲಕ್ಕೆ, ಬೆರಳುಗಳು ಬಿಗಿದ ಮುಷ್ಟಿ, ತುಸು ಸೊಟ್ಟಗಾದ ಭುಜ, ಭಾರವೆಲ್ಲ ಒಂದೇ ಕಾಲಿನ ಮೇಲೆ. ಮುಗಿಲಿನಲ್ಲೊಂದು ಕಂಬಿ ಬರೆದಿದ್ದರೆ ಸಾಕಿತ್ತು, ಭಾನಾಪುರದ ಸ್ಟಾಪು ದಾಟಿ ಕಿಕ್ಕಿರಿದ ನಮ್ಮ ಬಸ್ಸೇ ಅದು. ನನಗೆ ನಗು ತಡೆಯಲಾಗಲಿಲ್ಲ. ಶಿವಲೀಲಾ ನಗಲಿಲ್ಲ. ಆಕೆಯ ಮುಖ ಬಾಡಿತು, ಆಮೇಲೆ ಬಿಗಿಯಿತು. ಬೇರೊಬ್ಬ ಕಲಾವಿದನ ಜೊತೆಗೂ ಮಾತು ನಡೆದಿದೆಯೆಂದು ತಿರುಪತಿ ಮುಚ್ಚುಮರೆಯಿಲ್ಲದೆ ಹೇಳಿದ. "ಯುಗಾದಿತನಾ ಕಾಯ್ತೀನ್ರಿ ಅಕ್ಕಾರ. ಒಂದ ಪುಟಾ ತರ್ರಿ, ಸಾಕು. ಅದರಾಗ ನಿಮ್ಮಾಕಿ ಹಾರಬೇಕು. ಹಾರಿದ್ರ ಪುಸ್ತಕಾ ನಿಮ್ದು."

ಅಂದಿನಿಂದ ಆ ಮಹಾತಾಯಿ ಹಟ ಹಿಡಿದು ಕೂತಳು. ಮುಷ್ಟಿ ಬಿಡಿಸಿದಳು, ಕೈ ಚಾಚಿಸಿದಳು, ಕಾಲು ಹಿಂದಕ್ಕೆ ನೀಡಿದಳು. ಆದರೆ ಕಂಬಿ ಬಿಟ್ಟ ಕೂಡಲೇ ಸಿಡಿಲವ್ವ ಬೀಳತೊಡಗಿದಳು. ಪುಟ ಪುಟದಲ್ಲೂ ಬಿದ್ದಳು; ಬೋರಲಾಗಿ, ಅಂಗಾತವಾಗಿ, ಪಕ್ಕಕ್ಕೆ ವಾಲಿ. ಅದು ಬೆರಳುಗಳ ತಪ್ಪಾಗಿರಲಿಲ್ಲ. ಇಷ್ಟು ವರ್ಷ ಕಂಬಿ ಬಿಟ್ಟವರೆಲ್ಲ ಪಕ್ಕದವರ ಮೈಮೇಲೆ ಬೀಳುವುದನ್ನೇ ಕಂಡ ಕಣ್ಣಿಗೆ, ಬಿಟ್ಟ ಕೈಗೂ ಬೀಳುವ ಮೈಗೂ ನಡುವೆ ಮತ್ತೊಂದು ಸಾಧ್ಯತೆ ಇರಬಹುದೆಂಬುದೇ ಹೊಳೆದಿರಲಿಲ್ಲ. ಡ್ರೈವರ್ ಮುಷರಫ್ ಪ್ರತಿ ಹಾಳೆಯನ್ನೂ ಪರೀಕ್ಷಿಸಿ, "ಮೇಡಂ, ಈಕಿ ಹಾರಾಕತ್ತಾಳೋ, ಸ್ಟಾಪ್ ಬಂತಂತ ಇಳ್ಯಾಕತ್ತಾಳೋ?" ಎಂದು ಕೇಳುತ್ತಿದ್ದ. ಮೊದಮೊದಲು ಆಕೆ ತಿರುಗಿ ಬೈಯುತ್ತಿದ್ದಳು. ಆಮೇಲೆ ಬೈಯುವುದನ್ನೂ ಬಿಟ್ಟಾಗ ನಮಗಿಬ್ಬರಿಗೂ ಗಾಬರಿಯಾಯಿತು.

ಯುಗಾದಿ ಹತ್ತಿರ ಬಂದಿತ್ತು. ಕುಕನೂರು ದಾಟಿದ ಮೇಲೆ ಒಂದು ಮುಂಜಾನೆ ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂದು ಮುಷರಫ್ ಒಮ್ಮೆಲೆ ಬ್ರೇಕು ತುಳಿದ. ಬಸ್ಸು ತುಂಬಿ ತುಳುಕುತ್ತಿತ್ತು. ನಿಂತ ಹೆಂಗಸರೆಲ್ಲ ಒಂದೇ ಸಲಕ್ಕೆ ಮುಂದಕ್ಕೆ ಮುಗ್ಗರಿಸಿ, ಸಿಕ್ಕ ಸಿಕ್ಕ ಕಂಬಿಗೆ ಜೋತುಬಿದ್ದರು. ನಡುದಾರಿಯಲ್ಲಿ ಶಿವಲೀಲಾ, ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದರಲ್ಲಿ ಹರಿದ ಟಿಕೆಟ್, ಸೊಂಟವನ್ನಷ್ಟೇ ತುಸು ತಿರುಗಿಸಿ ನಿಂತಿದ್ದಳು. ಪಕ್ಕದಲ್ಲಿ ಆಧಾರವಿರಲಿಲ್ಲ, ಆಕೆಗೆ ಅದು ಬೇಕೂ ಇರಲಿಲ್ಲ. ನನ್ನ ಪಕ್ಕದ ಸೀಟಿನ ಮುದುಕಿ ಹಜರತಬೀ, ಬಿದ್ದ ಚೀಲವನ್ನು ಎತ್ತಿಕೊಳ್ಳುತ್ತ ಆಕೆಯನ್ನು ನೋಡಿ ಅಚ್ಚರಿಯಿಂದ ಕೇಳಿದಳು:

"ಯವ್ವಾ, ನಾವೆಲ್ಲಾ ಕಂಬಿ ಹಿಡದೀವಿ. ನೀ ಏನೂ ಹಿಡದಿಲ್ಲಲ್ಲ, ನಿನ್ನ ಯಾರ್ ಹಿಡದಾರ?"

ಶಿವಲೀಲಾ ತನ್ನೆರಡು ಕೈಗಳನ್ನು ನೋಡಿಕೊಂಡಳು, ಕಾಲುಗಳನ್ನು ನೋಡಿಕೊಂಡಳು, ತಿರುಗಿದ ಸೊಂಟವನ್ನು ಹಾಗೆಯೇ ಹಿಡಿದು ನಿಂತಳು. ಆಮೇಲೆ ಜನರ ನಡುವಿನಿಂದ ನುಗ್ಗಿ ಬಂದು ಹೇಳಿದಳು: "ಸರ್, ಫೋನ್ ತಗೀರಿ. ನಾ ಟಿಕೆಟ್ ಕೊಡೂದನ್ನ ಹಿಂದಿನ ಸೀಟಿಂದ ವಿಡಿಯೋ ಮಾಡ್ರಿ. ಮುಷರಫಣ್ಣಾ, ತಿರುವಿನ್ಯಾಗ ನಿಧಾನ ಮಾಡಬ್ಯಾಡ!" ಮುಷರಫ್ ಹುರುಪಿನಿಂದ ಆಜ್ಞೆ ಪಾಲಿಸಿದ. ಹಿಂದಿನ ಸೀಟಿನಲ್ಲಿ ಪುಟಿಯುತ್ತ ಕೂತ ನನ್ನ ಬೆನ್ನುಮೂಳೆ ಕನ್ನಡ ಕಾಮಿಕ್ಸಿಗಾಗಿ ಮಾಡಿದ ತ್ಯಾಗವನ್ನು ಇದುವರೆಗೆ ಯಾರೂ ಸ್ಮರಿಸಿಲ್ಲ.

ಆ ವಿಡಿಯೋದಲ್ಲಿ ನಾನು ಕಂಡದ್ದನ್ನು ಹೇಳಿದರೆ ಉತ್ಪ್ರೇಕ್ಷೆ ಎಂದೀರಿ. ಬಸ್ಸು ಬಲಕ್ಕೆ ಹೊರಳಿದರೆ ಆಕೆಯ ಎದೆ ಎಡಕ್ಕೆ, ಬಸ್ಸು ಕುಪ್ಪಳಿಸಿದರೆ ಆಕೆಯ ಹಿಮ್ಮಡಿ ಅದಕ್ಕೂ ಮೊದಲೇ ಎದ್ದು ಅದು ಇಳಿದ ಮೇಲೆ ಇಳಿಯುವುದು. ಎರಡೂ ಕೈ ಸ್ವತಂತ್ರ, ಕೋಟಿನ ಅಂಚು ಗಾಳಿಗೆ ಹಿಂದೆ, ಮುಖದಲ್ಲಿ ಮುಂದಿನ ಪ್ರಯಾಣಿಕನ ವಿನಾ ಬೇರೆ ಚಿಂತೆಯಿಲ್ಲ. ಇಷ್ಟು ದಿನ ಆಕೆ ಪ್ರಯಾಣಿಕರನ್ನೆಲ್ಲ ನೋಡಿ ಬರೆದಿದ್ದಳು, ತನ್ನನ್ನೊಬ್ಬಳನ್ನು ಬಿಟ್ಟು. ತನ್ನ ಮೈಯನ್ನು ತಾನು ಪರರಂತೆ ನೋಡಿದ ಆ ದಿನ ಆಕೆಗೆ ಅಳು ಬಂತು. ಯಲಬುರ್ಗಾ ನಿಲ್ದಾಣದಲ್ಲಿ ಬಾನೆಟ್ಟಿನ ಮೇಲೆ ಕೂತು ಅತ್ತೇಬಿಟ್ಟಳು, ಅಳುತ್ತಲೇ ಪೆನ್ಸಿಲು ಹೆರೆದಳು.

ಯುಗಾದಿಗೆ ಮುಂಚೆ ಗಂಗಾವತಿಗೆ ಹೋದ ಪುಟದಲ್ಲಿ ಚೌಕಗಳೇ ಇರಲಿಲ್ಲ. ಬೋಳು ಬಂಡೆಗಳ ಗುಡ್ಡಸಾಲಿನ ಮೇಲೆ, ಹಾಳೆಯ ಮೂಲೆಯಿಂದ ಮೂಲೆಗೆ, ಸಿಡಿಲವ್ವ. ಕೈಗಳೆರಡೂ ತೆರೆದಿವೆ, ಸೊಂಟ ಒಂದು ತಿರುವಿನಲ್ಲಿದೆ, ಕೌದಿಯ ಚಿಂದಿ ಚಿಂದಿಯೂ ಗಾಳಿಯಲ್ಲಿ ಎದ್ದಿದೆ. ಕೆಳಗೆ ಕರಿಬೂದಿರಾಯನ ಮಸಿಮೋಡ ಎರಡಾಗಿ ಸೀಳಿಹೋಗಿದೆ. ತಿರುಪತಿ ಹಾಳೆಯನ್ನು ಮೇಜಿನ ಮೇಲಿಟ್ಟು ನೋಡಿದ, ಗೋಡೆಗೆ ಒರಗಿಸಿ ನೋಡಿದ, ಕೆಳಗಿನ ಅಂಗಡಿಯಿಂದ ಅಪ್ಪನನ್ನು ಕೂಗಿ ಕರೆದು ತೋರಿಸಿದ. ಅಕ್ಕಿಯ ಹುಡಿ ಹತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಆ ಹಿರಿಯರು ಹಾಳೆಯನ್ನು ನೋಡಿದವರೇ ತಲೆಯೆತ್ತಿ ಸೂರನ್ನು ನೋಡಿದರು.

"ಹಾರಿದಳ್ರಿ ಅಕ್ಕಾರ," ಎಂದ ತಿರುಪತಿ.

ಪುಸ್ತಕ ಬಂದಿದೆ. ರಕ್ಷಾಪುಟದ ಮೇಲೆ ದಪ್ಪ ಅಕ್ಷರಗಳಲ್ಲಿ "ಚಿತ್ರಗಳು: ಶಿವಲೀಲಾ" ಎಂದಿದೆ. ಮೊನ್ನೆ ಕುಕನೂರಿನಲ್ಲಿ ಹತ್ತಿದ ಹೈಸ್ಕೂಲು ಹುಡುಗಿಯರು ಅದನ್ನು ಕಿತ್ತಾಡಿಕೊಂಡು ಓದುತ್ತಿದ್ದರು. ಬರೆದಾಕೆ ತಮಗೆ ಟಿಕೆಟು ಕೊಡುತ್ತಿದ್ದಾಳೆಂಬುದು ಅವರಿಗೆ ಗೊತ್ತಿರಲಿಲ್ಲ. ಮುಷರಫನಿಗೆ ತಡೆಯಲಾಗಲಿಲ್ಲ, ಕನ್ನಡಿಯಲ್ಲಿ ನೋಡುತ್ತಲೇ ಕೂಗಿ ಹೇಳಿದ. ಬಸ್ಸು ಚಪ್ಪಾಳೆಯಿಂದ ತುಂಬಿತು. ಇನ್ನಾದರೂ ನೌಕರಿ ಬಿಡುವಿರೇನೆಂದು ಯಾರೋ ಕೇಳಿದ್ದಕ್ಕೆ, "ಬಿಟ್ರ ಯಾರನ್ನ ನೋಡಿ ಚಿತ್ರಾ ತಗೀಲಿ? ಸರೀರಿ ಒಳಗ," ಎಂದಳು.

ಇಂಥವರ ಕುಲವೊಂದು ನಮ್ಮ ನಡುವೆ ಬದುಕಿದೆ. ಏಕಾಂತ ಒದಗಲಿ, ಪುರುಸೊತ್ತು ಸಿಗಲಿ, ಆಮೇಲೆ ಸಾಧಿಸೋಣವೆಂದು ನಾವು ಕೂತಲ್ಲೇ ಕೂತಿರುವಾಗ, ಇವರು ನೂಕುನುಗ್ಗಲಿನ ನಟ್ಟನಡುವೆ, ಎಲ್ಲರ ಭಾರವೂ ತಮ್ಮ ಮೇಲೆ ವಾಲುತ್ತಿರುವಾಗಲೇ, ತಮ್ಮ ವಿದ್ಯೆಯನ್ನು ಕಲಿತುಬಿಡುತ್ತಾರೆ. ಸಿಕ್ಕವರನ್ನೆಲ್ಲ ಅವರವರ ಊರಿಗೆ ಮುಟ್ಟಿಸುತ್ತ, ತಮ್ಮ ಊರು ಬರುವತನಕ ನಿಂತೇ ಇರುತ್ತಾರೆ. ಅದು ಬಂದಾಗ ಬೇರೆ ಯಾರೂ ಹೇಳಬೇಕಾಗಿಲ್ಲ, ತಾವೇ ಸೀಟಿ ಊದಿ, ತಲೆಯೆತ್ತಿ ಇಳಿಯುತ್ತಾರೆ.