ಕಟೊಂಗೊ ಹಾಕಿದ ಬೀಗ

ಕ್ರಷರಿನ ಹೊಟ್ಟೆಯೊಳಗೆ ಇಳಿಯುವವನು ನನ್ನ ಗಂಡ. ಅದಕ್ಕೆ ಕರೆಂಟು ಬಿಡುವವಳು ನಾನು. ಎಂಡೋಲ ಪಟ್ಟಣದ ನಮ್ಮ ಸುಣ್ಣಕಲ್ಲಿನ ಕಾರ್ಖಾನೆಯಲ್ಲಿ ಇದನ್ನು ಹೇಳಿಕೊಂಡು ನಗದವರಿರಲಿಲ್ಲ.

"ಬನಾ ಲುಸೆ, ಬೆಳಿಗ್ಗೆ ನಾನೇನೂ ಬೈದಿಲ್ಲ ತಾನೆ? ಧೈರ್ಯವಾಗಿ ಇಳೀಲಾ?" ಎಂದು ನನ್ನ ಗಂಡ ಮ್ವಿಲಾ ಎಲ್ಲರೆದುರೇ ಕೇಳುತ್ತಿದ್ದ. ಮಗಳು ಲುಸೆ ಹುಟ್ಟಿದ ಮೇಲೆ ನನ್ನನ್ನು ಹೆಸರು ಹಿಡಿದು ಕರೆದವರಿಲ್ಲ; ನಾನು ಬನಾ ಲುಸೆ, ಲುಸೆಯ ತಾಯಿ; ಅವನು ಬಶಿ ಲುಸೆ, ಲುಸೆಯ ತಂದೆ, ಅಷ್ಟೆ. ನಾನೂ ನಗುತ್ತಿದ್ದೆ. ಆದರೆ ಹಸಿರು ಗುಂಡಿಯ ಮೇಲೆ ಬೆರಳಿಡುವಾಗ ಪ್ರತಿ ಸಲವೂ ಅವನೆಲ್ಲಿದ್ದಾನೆಂದು ತಿರುಗಿ ನೋಡುತ್ತಿದ್ದೆ.

ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಬೀಗ ಕೊಟ್ಟಿದ್ದಾರೆ. ಯಂತ್ರದೊಳಗೆ ಇಳಿಯುವವರು ಮೊದಲು ಕರೆಂಟಿನ ಪ್ಯಾನೆಲ್ಲಿನ ದೊಡ್ಡ ಹಿಡಿಯನ್ನು ಕೆಳಗೆಳೆದು ಕರೆಂಟು ಕಡಿದು, ಅದಕ್ಕೆ ತಮ್ಮ ಬೀಗ ಜಡಿಯಬೇಕು. ಯಾರ ಬೀಗವೋ ಅವರೇ ತೆಗೆಯಬೇಕು. ಈ ಕೆಲಸವನ್ನು ನನಗೆ ಕಲಿಸಿದ ಹಿರಿಯ ಕಟೊಂಗೊ ಇನ್ನೂ ಒಂದು ಹೆಜ್ಜೆ ಮುಂದೆ. ತನ್ನ ಬೀಗ ತೆಗೆಯುವ ಮುಂಚೆ ಬೀಗದ ಕೈಯಿಂದ ಪ್ಯಾನೆಲ್ಲಿನ ಬಾಗಿಲು ಬಡಿದು, "ಒಳಗೆ ಉಳಿದೋರು ಯಾರು? ಹೆಸರು ಹೇಳಿ!" ಎಂದು ಗುಡುಗುತ್ತಿದ್ದ. ಉತ್ತರ ಬರಲಿ ಬಾರದಿರಲಿ, ಸ್ವಲ್ಪ ಹೊತ್ತು ಕಾಯುತ್ತಿದ್ದ. ಆ ಗಂಟಲು ಕೇಳಿದರೆ ಕಲ್ಲಿನ ಗಣಿಯ ಕಾಗೆಗಳೂ ಹಾರಿಹೋಗುತ್ತಿದ್ದವು.

ಒಂದು ದಿನ ಸುಟ್ಟುಹೋದ ಸ್ವಿಚ್ಚು ಬದಲಾಯಿಸಲೆಂದು ಬೀಗ ಹಾಕಿ, ಊಟ ಮಾಡಿ ಬರುತ್ತೇನೆಂದು ಮನೆಗೆ ಹೋದ. ಶೀಮಾ ಮುದ್ದೆ ಕೈಯಲ್ಲಿರುವಂತೆಯೇ ಒರಗಿದವನು ಮತ್ತೆ ಏಳಲಿಲ್ಲ. ಬೀಗ ಪ್ಯಾನೆಲ್ಲಿನಲ್ಲೇ ಉಳಿಯಿತು. ಬೀಗದ ಕೈ ಅವನ ಅಂಗಿಯ ಜೇಬಿನಲ್ಲಿತ್ತು.

ಮೇಲ್ವಿಚಾರಕ ಜೆರೆ ಬೀಗ ಕತ್ತರಿಸುವ ದೊಡ್ಡ ಕತ್ತರಿ ತಂದ. ಅವನು ಎಂಗೋನಿ ಬುಡಕಟ್ಟಿನವನು, ಕಟೊಂಗೊನೂ ನಾವೂ ಬೆಂಬಾ ಬುಡಕಟ್ಟಿನವರು. ಸಾವಿನ ಮನೆಯಲ್ಲೂ ಒಬ್ಬರನ್ನೊಬ್ಬರು ಗೇಲಿ ಮಾಡುವ ಹಕ್ಕು ಈ ಎರಡು ಬುಡಕಟ್ಟಿನವರಿಗೂ ಇದೆ.

"ಕೋತಿ ತಿನ್ನೋರ ಬೀಗಕ್ಕೆ ಇಷ್ಟು ಮರ್ಯಾದೆಯಾ? ಈ ಕತ್ತರಿ ಹಿಡೀರೋ ಯಾರಾದ್ರೂ!" ಎಂದ ಜೆರೆ.

"ಇಲಿ ತಿನ್ನೋರೇ, ನೀವೇ ಕತ್ತರಿಸಿ ನೋಡೋಣ," ಎಂದೆ.

ಅವನಿಗೂ ಧೈರ್ಯ ಬರಲಿಲ್ಲ. ನಮ್ಮಲ್ಲಿ ಸತ್ತವನ ಹೆಸರನ್ನು ಮನೆಯವರು ಇನ್ನೊಬ್ಬರಿಗೆ ಕೊಡುವ ತನಕ ಅವನ ವಸ್ತು ಮುಟ್ಟಬಾರದು. ಹೆಸರು ಪಡೆದವನೇ ಆಮೇಲೆ ಕಟೊಂಗೊ. ಆದರೆ ಯಾರಿಗೆ ಕೊಡಬೇಕೆಂದು ಹೇಳಬೇಕಾದ ಕಟೊಂಗೊನ ಸೋದರಮಾವ ದೂರದ ಕಸಾಮಾದಿಂದ ಬರಬೇಕಿತ್ತು, ಅವನಿಗೋ ಮಂಡಿನೋವು. ಕ್ರಷರ್ ನಿಂತೇ ಇತ್ತು. ಹೇಗೂ ನಿಂತಿದೆಯಲ್ಲ ಎಂದು ಮ್ವಿಲಾ ಆಗಾಗ ಒಳಗಿಳಿದು ಸವೆದ ತಗಡುಗಳನ್ನು ಬದಲಾಯಿಸುತ್ತಿದ್ದ.

ಆಗಲೇ ದೀಪ ಉರಿಯತೊಡಗಿದ್ದು.

ಪ್ಯಾನೆಲ್ಲಿನ ನೆತ್ತಿಯ ಮೇಲೊಂದು ಕೆಂಪು ದೀಪವಿದೆ. ಹಿಡಿ ಕೆಳಗಿದ್ದರೆ ಅದಕ್ಕೆ ಕರೆಂಟೇ ಬರುವುದಿಲ್ಲ. ಆದರೂ ಹಾಡುಹಗಲಲ್ಲೇ ಅದು ಮಿಣುಕುತ್ತಿತ್ತು, ಸ್ವಲ್ಪ ಹೊತ್ತಿಗೆ ಆರುತ್ತಿತ್ತು. ಟೆಸ್ಟರ್ ಇಟ್ಟು ನೋಡಿದೆ, ಕರೆಂಟಿಲ್ಲ. ಪಕ್ಕದ ಕೇಬಲ್ಲಿನಿಂದ ಸೋರುತ್ತಿರಬಹುದೆಂದು ಅದನ್ನೂ ಬೇರೆ ಮಾಡಿದೆ. ಕೊನೆಗೆ ದೀಪದ ವೈರನ್ನೇ ಬಿಚ್ಚಿ ತುದಿಗೆ ಟೇಪು ಸುತ್ತಿದೆ. ಮಾರನೆಯ ದಿನ ಮತ್ತೆ ಉರಿಯಿತು. ಬಿಚ್ಚಿದವಳು ನಾನೇ, ಬಿಚ್ಚಿದ ವೈರು ಕಣ್ಣೆದುರೇ ನೇತಾಡುತ್ತಿತ್ತು. ಸುಮ್ಮನೆ ವೈರನ್ನು ಮತ್ತೆ ಜೋಡಿಸಿ, ಬಾಗಿಲು ಮುಚ್ಚಿ, ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ; ಆ ದಾರಿಯಲ್ಲಿ ಹೋಗುವವರೆಲ್ಲ ಆಗಲೇ ಟೋಪಿ ತೆಗೆದು ನಡೆಯುತ್ತಿದ್ದರು.

ಹೆದರದವನು ಮ್ವಿಲಾ ಒಬ್ಬನೇ. ಅವನ ಬೀಗ ಮಾತ್ರ ಸೊಂಟದಲ್ಲೇ ನೇತಾಡುತ್ತಿತ್ತು.

"ಬಶಿ ಲುಸೆ, ನಿನ್ನ ಬೀಗ ಯಾಕೆ ಹಾಕಲ್ಲ?" ಎಂದು ರೇಗಿದೆ.

"ಕಟೊಂಗೊಂದು ಇದೆಯಲ್ಲೇ! ಬದುಕಿರೋನಾದ್ರೆ ಮರೆತು ತೆಗೆದಾನು. ಸತ್ತೋನು ತೆಗೀತಾನಾ?"

"ಮಾತಿಗೇನೂ ಕಮ್ಮಿ ಇಲ್ಲ."

"ಅವನಿಗಿಂತ ಒಳ್ಳೆ ಕಾವಲುಗಾರ ಸಿಕ್ಕಲ್ಲ ಬಿಡು," ಎಂದು ನಕ್ಕ. ನಾನು ಬೈದೆ, ಆದರೆ ಹಟ ಹಿಡಿಯಲಿಲ್ಲ.

ಅಂತೂ ಸೋದರಮಾವ ಬಂದ. ಕಟೊಂಗೊನ ತಂಗಿಯ ಮಗ ಚಿಬೇಸನನ್ನು ಚಾಪೆಯ ಮೇಲೆ ಕೂರಿಸಿ, ಬಟ್ಟಲಲ್ಲಿ ನೀರು ಕುಡಿಸಿ, ಇನ್ನು ಮುಂದೆ ನೀನೇ ಕಟೊಂಗೊ ಎಂದ. ಚಿಬೇಸ ಸಂತೆಯಲ್ಲಿ ಟೊಮೆಟೊ ಮಾರುವವನು. ಕಡ್ಡಿ ದೇಹ, ಇಲಿಮರಿಯಂಥ ದನಿ. ಕಾರ್ಖಾನೆಯ ಗೇಟು ದಾಟಿದ್ದೇ ಇಲ್ಲ. ಮರುದಿನ ಮಧ್ಯಾಹ್ನ ಸತ್ತ ಕಟೊಂಗೊನ ದೊಡ್ಡ ಬೂಟು ಎಳೆದುಕೊಂಡು, ಬೀಗದ ಕೈ ಹಿಡಿದು ಬಂದ. ಅವನ ತಾತನ ವಯಸ್ಸಿನವರೂ "ಬನ್ನಿ ಕಟೊಂಗೊ" ಎಂದು ತಲೆಬಾಗಿದರು.

ಸುಟ್ಟ ಸ್ವಿಚ್ಚನ್ನು ನಾನು ಬದಲಾಯಿಸಿಯಾಗಿತ್ತು, ಹಿಂದಿನ ದಿನವೇ ಮ್ವಿಲಾ ತನ್ನ ಕೆಲಸ ಮುಗಿಸಿದ್ದ. ಆ ಮಧ್ಯಾಹ್ನ ಅವನು ಊಟಕ್ಕೆ ಹೊರಟದ್ದನ್ನು ಕಣ್ಣಾರೆ ನೋಡಿದ್ದೆ. ನಾನು ಗುಂಡಿಯ ಬಳಿ ನಿಂತೆ. ಪಕ್ಕದ ಕ್ರಷರಿನ ಸದ್ದಿಗೆ ಕಿವಿ ಗುಂಯ್‌ಗುಡುತ್ತಿತ್ತು. ಪ್ಯಾನೆಲ್ಲಿನ ನೆತ್ತಿಯ ಮೇಲೆ ದೀಪ ಉರಿಯುತ್ತಿತ್ತು. ಬೀಗದ ಮಾಲೀಕ ಬಂದನೆಂದು ಅದಕ್ಕೆ ಖುಷಿಯಾಗಿರಬೇಕು ಎಂದುಕೊಂಡೆ.

ಚಿಬೇಸ ಬೀಗದ ಕೈಯನ್ನು ಬೀಗಕ್ಕೆ ತೂರಿಸಿದವನು ಹಾಗೇ ನಿಂತ. ಅದನ್ನು ಹೊರಗೆಳೆದು, ಅದರಿಂದಲೇ ಪ್ಯಾನೆಲ್ಲಿನ ಬಾಗಿಲನ್ನು ಬಡಿದ.

"ಒಳಗೆ ಉಳಿದೋರು ಯಾರು? ಹೆಸರು ಹೇಳಿ!"

ಅದು ಟೊಮೆಟೊ ಮಾರುವವನ ದನಿಯಲ್ಲ. ಜೆರೆ ಟೋಪಿ ತೆಗೆದ.

"ಯಾರೂ ಇಲ್ಲ," ಎಂದೆ ನಾನೇ, ನನ್ನ ಬಾಯಿಂದಲೇ. "ನನ್ನ ಗಂಡ ಊಟಕ್ಕೆ ಹೋಗಿದ್ದಾನೆ. ತೆಗೀರಿ."

ಅವನು ನನ್ನನ್ನು ನೋಡಲಿಲ್ಲ. ದೀಪವನ್ನೇ ನೋಡುತ್ತ, "ಒಬ್ಬ ಇದ್ದಾನೆ. ಹೆಸರು ಹೇಳ್ತಾ ಇದ್ದಾನೆ, ನಿಂಗೆ ಕೇಳಿಸ್ತಿಲ್ವಾ ಮಗಳೇ?" ಎಂದ. ನನ್ನನ್ನು ಮಗಳೇ ಎನ್ನುತ್ತಿದ್ದವನು ಹಿರಿಯ ಕಟೊಂಗೊ ಮಾತ್ರ.

ಓಡಿದೆ. ಗೋಡೆಯ ಆಚೆ ಕ್ರಷರಿನ ಬಾಯಿಗೆ ತಲೆ ತೂರಿಸಿದರೆ, ಕೆಳಗೆ ಕಲ್ಲು ಒಡೆಯುವ ಸುತ್ತಿಗೆಗಳ ನಡುವೆ ಬೂದಿ ಬಳಿದವನಂತೆ ಮ್ವಿಲಾ ನಿಂತಿದ್ದ. ಮರೆತುಬಂದ ಉಳಿಗಾಗಿ ದಾರಿಯಿಂದಲೇ ತಿರುಗಿ ಬಂದಿದ್ದನಂತೆ. ಬೀಗ ಸೊಂಟದಲ್ಲೇ ಇತ್ತು.

"ಹೆಸರು ಹೇಳಿದ್ನಲ್ಲ!" ಎಂದು ನನ್ನ ಮೇಲೇ ರೇಗಿದ. "ಎಷ್ಟು ಸಲ ಹೇಳಬೇಕು? ಆ ಮುದುಕ ಇಲ್ಲೇ ಕಿವಿ ಹತ್ರ ನಿಂತ್ಕೊಂಡು ಕೇಳ್ತಾನೇ ಇದ್ದ..." ಯಾವ ಮುದುಕ ಎಂದು ಅವನಿಗೇ ಹೊಳೆದಿರಬೇಕು.

ಅವನು ಮೇಲೆ ಬಂದೊಡನೆ ಕೆನ್ನೆಗೆ ಬಾರಿಸಿದೆ. ಆಮೇಲೆ ಅಲ್ಲೇ ಕುಸಿದು, ಅವನ ಬೂಟು ತಬ್ಬಿಕೊಂಡು ಅತ್ತೆ. ವಾಪಸು ಹೋದಾಗ ದೀಪ ಆರಿತ್ತು. ಇಷ್ಟು ದಿನ ಅದು ಯಾವಾಗ ಉರಿಯುತ್ತಿತ್ತು, ಯಾವಾಗ ಆರುತ್ತಿತ್ತು ಎಂಬುದು ಆಗ ಅರ್ಥವಾಯಿತು. ನನ್ನ ಗಂಡ ಒಳಗಿಳಿದಾಗ ಉರಿಯುತ್ತಿತ್ತು, ಅವನು ಮೇಲೆ ಬಂದಾಗ ಆರುತ್ತಿತ್ತು.

ಚಿಬೇಸ ಬೀಗ ತೆಗೆದು ನನ್ನ ಕೈಗಿತ್ತು, "ಅಕ್ಕಾ, ನಾನಿನ್ನು ಹೋಗ್ಲಾ? ಟೊಮೆಟೊ ಬಿಸಿಲಲ್ಲಿದೆ," ಎಂದ, ತನ್ನದೇ ದನಿಯಲ್ಲಿ. ತಾನೇನು ಕೂಗಿದ್ದೆನೆಂದು ಅವನಿಗೆ ನೆನಪಿರಲಿಲ್ಲ.

ಆ ದೀಪ ಮತ್ತೆಂದೂ ಹಾಗೆ ಉರಿದಿಲ್ಲ. ಎಲ್ಲರಿಗೂ ನೆಮ್ಮದಿ, ನನಗೆ ಮಾತ್ರ ಭಯ. ತನ್ನ ಹೆಸರಿಗೊಬ್ಬ ಸಿಕ್ಕಿದ ಮೇಲೆ ಹಿರಿಯ ಕಟೊಂಗೊ ಹೊರಟುಹೋದ. ಇನ್ನು ಇಲ್ಲಿ ಕಾಯುವವಳು ನಾನೊಬ್ಬಳೇ. ಗುಂಡಿ ಒತ್ತುವ ಮುಂಚೆ ಬಾಗಿಲು ಬಡಿದು ಕೂಗುತ್ತೇನೆ. ಪಕ್ಕದಲ್ಲೇ ನಿಂತಿರುವ ಮ್ವಿಲಾ, "ಇಲ್ಲೇ ಇದ್ದೀನಲ್ಲೇ, ಕಣ್ಣು ಕಾಣಲ್ವಾ?" ಎನ್ನುತ್ತಾನೆ.

"ಹೆಸರು ಹೇಳು," ಎನ್ನುತ್ತೇನೆ.

ಅವನು ಹೇಳುತ್ತಾನೆ. ಆಮೇಲೂ ಸ್ವಲ್ಪ ಹೊತ್ತು ಕಾಯುತ್ತೇನೆ.